ಸೈಕ್ಲೊಡೆಕ್ಸ್‌ಟ್ರಿನ್ ಬಳಸಿ ಬೆಳ್ಳಿ ನ್ಯಾನೊಕಣ ಮಾಡಲು ಹೋದರೆ ಕಪ್ಪು ಗಸಿ ಕೂರುತ್ತಿದೆ, ಯಾಕೆ?

ಮಂಡ್ಯದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೀರಿ, ಗ್ಲೂಕೋಸ್ ಘಟಕಗಳು ಉಂಗುರವಾಗಿ ಜೋಡಿಕೊಂಡ ಅಣುವಾದ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್, ಸಿಲ್ವರ್ ನೈಟ್ರೇಟ್, ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಮೂರನ್ನೂ ಕ್ಯಾನ್ ನೀರಲ್ಲಿ ಒಟ್ಟಿಗೆ ಬೆರೆಸಿ ಕಾಯಿಸಿದ್ದೀರಿ. ನನಗೆ ಮೊದಲ ಅನುಮಾನ ನೀರಿನ ಮೇಲೆ, ಆಮೇಲೆ ಬೆರೆಸಿದ ಕ್ರಮದ ಮೇಲೆ.

ಆ ನೀರನ್ನು ಟೆಸ್ಟ್‌ಟ್ಯೂಬಿಗೆ ಹಾಕಿ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡಿ. ಹಾಲಿನಂತೆ ಮಸುಕಾದರೆ ಕ್ಲೋರೈಡ್ ಇದೆ ಎಂದರ್ಥ. ಸಿಲ್ವರ್ ಕ್ಲೋರೈಡ್ ಬೆಳಕಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಗಸಿಯಲ್ಲಿ ಅದರ ಪಾಲಿರಬಹುದು. ಬೋರ್‌ವೆಲ್ ನೀರಂತೂ ಬೇಡ, ಆರ್‌ಒ ನೀರಲ್ಲೂ ಕ್ಲೋರೈಡ್ ಪೂರ್ತಿ ಹೋಗಿರುವುದಿಲ್ಲ. ಎರಡು ಸಲ ಬಟ್ಟಿ ಇಳಿಸಿದ್ದೇ ಬೇಕು.

‘ಸೈಕ್ಲೊಡೆಕ್ಸ್‌ಟ್ರಿನ್ ಉಂಗುರದ ಗುಳಿಯೊಳಗೆ ಕಣ ಬೆಳೆಯುತ್ತದಲ್ಲವೇ’ ಎಂದೂ ಕೇಳಿದ್ದೀರಿ. ಇಲ್ಲ. 18-ಕ್ರೌನ್-6 ಎಂಬ ಉಂಗುರಾಕಾರದ ಅಣು ಪೊಟ್ಯಾಸಿಯಂ ಅಯಾನನ್ನು ಉಂಗುರದ ನಡುವೆ ಕೂರಿಸಿಕೊಳ್ಳುತ್ತದೆ, ನಿಜ. ಆದರೆ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್‌ನ ಗುಳಿ ಸುಮಾರು 0.6 ನ್ಯಾನೊಮೀಟರ್ ಅಗಲ, ಅದರ ಒಳಮೈ ನೀರನ್ನು ಒಲ್ಲದ್ದು. 10 ನ್ಯಾನೊಮೀಟರ್ ಕಣ ಅದರೊಳಗೆ ಹಿಡಿಸುವ ಮಾತೇ ಇಲ್ಲ. ಬೆಳ್ಳಿ ಅಯಾನು ಅಂಚಿನ ಹೈಡ್ರಾಕ್ಸಿಲ್‌ಗಳಿಗೆ ಅಂಟುತ್ತದೆ. ಕ್ಷಾರದಲ್ಲಿ, ಬಿಸಿಯಲ್ಲಿ ಅದು ಲೋಹವಾಗುತ್ತದೆ. ಕಣ ಮೂಡಿದ ಮೇಲೆ ಸೈಕ್ಲೊಡೆಕ್ಸ್‌ಟ್ರಿನ್ ಅಣುಗಳು ಹೊರಗಿನಿಂದ ಸುತ್ತುಗಟ್ಟಿ, ಕಣಕ್ಕೆ ಕಣ ಅಂಟದಂತೆ ತಡೆಯುತ್ತವೆ.

ಆದ್ದರಿಂದ ಕ್ರಮ ಮುಖ್ಯ. 95 ಮಿ.ಲೀ. ನೀರಿಗೆ 0.6 ಗ್ರಾಂ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ ಹಾಕಿ, 60 ಡಿಗ್ರಿಗೆ ಕಾಯಿಸಿ ಕರಗಿಸಿ (ಬಾಟಲಿಯ ಪುಡಿಯಲ್ಲೇ ನೀರಿನಂಶ ಇರುವುದರಿಂದ ಇದು ಹೆಚ್ಚುಕಡಿಮೆ 5 ಮಿಲಿಮೋಲಾರ್). 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಸೇರಿಸಿ ಪಿಎಚ್ 10.5ರ ಆಸುಪಾಸಿಗೆ ತನ್ನಿ. ಬೆಳ್ಳಿ ಕೊನೆಗೆ: 10 ಮಿ.ಲೀ. ನೀರಲ್ಲಿ 17 ಮಿ.ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿ, ಅದರಲ್ಲಿ 5 ಮಿ.ಲೀ. ಮಾತ್ರ, ಜೋರಾಗಿ ಕಲಕುತ್ತಾ ಹನಿಹನಿಯಾಗಿ. ಬೆಳ್ಳಿ ಇರುವಲ್ಲಿಗೆ ಕ್ಷಾರ ಸುರಿದರೆ ಕಂದು ಸಿಲ್ವರ್ ಆಕ್ಸೈಡ್ ಗಂಟುಕಟ್ಟುತ್ತದೆ, ಆಮೇಲೆ ಎಷ್ಟು ಕಲಕಿದರೂ ಸರಿಹೋಗುವುದು ಕಷ್ಟ.

ದ್ರಾವಣಕ್ಕೆ ಹಳದಿ ಬಂದ ಮೇಲೆ ಹತ್ತು ಪಟ್ಟು ತೆಳುಮಾಡಿ ಯುವಿ (ಬೆಳಕು ಹೀರುವಿಕೆಯ ರೋಹಿತ) ನೋಡಿ. 400–420 ನ್ಯಾನೊಮೀಟರ್‌ನಲ್ಲಿ ಒಂದೇ ಶಿಖರ ಇರಬೇಕು; 500ರಾಚೆಗೆ ಬಾಲ ಎಳೆದಿದ್ದರೆ ಕಣಗಳು ಗುಂಪುಗೂಡಿವೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆ) ಬೆಳ್ಳಿಯ ಶಿಖರಗಳು 38.1, 44.3, 64.4, 77.4 ಡಿಗ್ರಿಯಲ್ಲಿ. 32.2ರಲ್ಲಿ ಸಿಲ್ವರ್ ಕ್ಲೋರೈಡಿನ ಶಿಖರ ಕಂಡರೆ ಮತ್ತೆ ಕ್ಲೋರೈಡನ್ನೇ ಹುಡುಕಿ. ಸೆಂಟ್ರಿಫ್ಯೂಜ್ ಮಾಡಿ ಎರಡು ಸಲ ತೊಳೆದರೆ ಸಾಕು, ಅತಿಯಾಗಿ ತೊಳೆದರೆ ಸುತ್ತಿನ ಹೊದಿಕೆಯೂ ಹೋಗಿ ಕಣಗಳು ಅಂಟಿಕೊಳ್ಳುತ್ತವೆ.

ಗಾಜಿನ ಸಾಮಾನನ್ನು ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್, ಹೈಡ್ರೊಕ್ಲೋರಿಕ್ ಆಮ್ಲಗಳ ಮಿಶ್ರಣ) ತೊಳೆಯುವುದು ಚಿನ್ನದ ಕೆಲಸಕ್ಕೆ ಸರಿ. ಬೆಳ್ಳಿಗೆ ಬೇಡ, ಅದರಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲ ಗೋಡೆಗೇ ಸಿಲ್ವರ್ ಕ್ಲೋರೈಡ್ ಬಳಿದುಬಿಡುತ್ತದೆ. ಬರೀ ನೈಟ್ರಿಕ್ ಆಮ್ಲ ಬಳಸಿ, ಅದೂ ಹೊಗೆ ಹೀರುವ ಫ್ಯೂಮ್‌ಹುಡ್‌ನೊಳಗೆ.