ಸಾವಯವ ಸೊಪ್ಪು, ಹಣ್ಣು: ಹಕ್ಕಿಗೆ ಕೊಡುವ ಮುನ್ನ

ಪ್ರಶ್ನೆ: ನಮ್ಮ ಬಡ್ಜಿ (ಪುಟ್ಟ ಸಾಕುಗಿಳಿ) ಜೋಡಿಗೆ ಸಾವಯವ ಸೊಪ್ಪು, ಸೇಬು ಮಾತ್ರ ತರುತ್ತೇವೆ. ಇವನ್ನು ತೊಳೆಯದೇ ಕೊಡಬಹುದೇ? ತೊಳೆಯಲೇಬೇಕಾದರೆ ಪಾತ್ರೆ ಸೋಪು ಆದೀತೇ?

ಉತ್ತರ: ತೊಳೆಯದೇ ಖಂಡಿತ ಕೊಡಬೇಡಿ. ಸಾವಯವ ಬೆಳೆಗೂ ಗಂಧಕ, ತಾಮ್ರದ ಲವಣ, ಪೈರೆಥ್ರಿನ್ (ಹೂವಿನಿಂದ ತೆಗೆದ ಕೀಟನಾಶಕ) ಸಿಂಪಡಿಸಲು ಅವಕಾಶವಿದೆ. ಅದಕ್ಕಿಂತ ದೊಡ್ಡ ಚಿಂತೆ ಗೊಬ್ಬರದ್ದು. ಸಗಣಿ ಗೊಬ್ಬರ ಸರಿಯಾಗಿ ಕಳಿತಿರದಿದ್ದರೆ ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಎಲೆಗೆ ಅಂಟಿಕೊಂಡೇ ಬರುತ್ತವೆ. ಬಡ್ಜಿ ತೂಗುವುದೇ 30–40 ಗ್ರಾಂ. ನಮಗೆ ಲೆಕ್ಕಕ್ಕೇ ಬಾರದಷ್ಟು ಅದಕ್ಕೆ ಹೆಚ್ಚಾದೀತು.

ಸೊಪ್ಪಿನ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹಳದಿಯಾದ, ಕೊಳೆತ ಎಲೆ ತೆಗೆದುಹಾಕಿ. ಅಗಲವಾದ ಪಾತ್ರೆಯ ತುಂಬ ತಣ್ಣೀರಿನಲ್ಲಿ ಎರಡು ನಿಮಿಷ ಮುಳುಗಿಸಿ ಕೈಯಾಡಿಸಿ. ಆಮೇಲೆ ಸೊಪ್ಪನ್ನೇ ಮೇಲೆತ್ತಿ, ನೀರನ್ನು ಬಸಿಯಬೇಡಿ. ಬಸಿದರೆ ತಳಕ್ಕಿಳಿದ ಮಣ್ಣು ಮತ್ತೆ ಎಲೆ ಮೇಲೆ ಬಂದು ಕೂರುತ್ತದೆ. ತಳದಲ್ಲಿ ಮರಳು ಕಾಣದಾಗುವವರೆಗೆ ನೀರು ಬದಲಿಸಿ. ಕೊನೆಗೆ ಹರಿಯುವ ನಲ್ಲಿ ನೀರಿಗೆ ಎಲೆಯ ಎರಡೂ ಬದಿ ಹಿಡಿಯಿರಿ. ದಂಟಿನ ಬುಡದ ಕುಳಿಯನ್ನು ಬೆರಳಿನಿಂದ ಉಜ್ಜಿ, ಹೇನುಹುಳ ಅಡಗುವುದು ಅಲ್ಲೇ.

ಸೇಬಿಗೆ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ (ಬಟ್ಟೆ ಸೋಡಾ ಅಲ್ಲ), 12–15 ನಿಮಿಷ ನೆನೆಸಿ, ಉಜ್ಜಿ, ಚೆನ್ನಾಗಿ ತೊಳೆಯಿರಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪರೀಕ್ಷಿಸಿದ ಒಂದು ಕೀಟನಾಶಕ, ಒಂದು ಶಿಲೀಂಧ್ರನಾಶಕ ಸೇಬಿನ ಮೇಲ್ಮೈಯಿಂದ ಹೋಗಿದ್ದು ಇಷ್ಟೇ ಹೊತ್ತಿನಲ್ಲಿ. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಹೋಗದು. ಹಾಗಾಗಿ ಸಾವಯವ ಸಿಗದ ದಿನ ಸಿಪ್ಪೆ ಹೆರೆದೇ ಕೊಡಿ. ಬೀಜ ಜಗಿದರೆ ಸೈನೈಡ್ ಹೊರಬರುತ್ತದೆ, ನಡುಭಾಗವನ್ನು ಪೂರ್ತಿ ತೆಗೆಯಿರಿ. ಸೋಪು ಮಾತ್ರ ಬೇಡವೇ ಬೇಡ. ಸಿಪ್ಪೆ, ಎಲೆ ಅದನ್ನು ಹೀರಿಕೊಳ್ಳುತ್ತವೆ.

ಕೊಡುವ ಹೊತ್ತಿಗೆ ಬೇಕಾದಷ್ಟನ್ನೇ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿ. ಒದ್ದೆ ಸೊಪ್ಪು ಡಬ್ಬಿಯಲ್ಲಿ ಬೇಗ ಲೋಳೆಗಟ್ಟುತ್ತದೆ. ಇನ್ನು ಆರಿಸುವಾಗ, ಬಾಡಿದ ಸಾವಯವ ಸೊಪ್ಪಿಗಿಂತ ಚೆನ್ನಾಗಿ ತೊಳೆದ ತಾಜಾ ಸಾಮಾನ್ಯ ಸೊಪ್ಪೇ ಮೇಲು.

ಪ್ರಶ್ನೆ: ಹೆಚ್ಚಿದ ಹಣ್ಣನ್ನು ಪಂಜರದಲ್ಲಿ ಎಷ್ಟು ಹೊತ್ತು ಬಿಡಬಹುದು? ಒಂದು ಮೂಲೆಯಲ್ಲಿ ಬೂಷ್ಟು ಹಿಡಿದಿದ್ದರೆ ಅಷ್ಟನ್ನು ಕತ್ತರಿಸಿ ಕೊಡಬಹುದೇ?

ಉತ್ತರ: ಎರಡು ಗಂಟೆ ಸಾಕು; ಸೆಕೆ ಜೋರಿದ್ದರೆ ಒಂದೇ ಗಂಟೆ. ಹಿಕ್ಕೆ ಬೀಳದಂತೆ ಬಟ್ಟಲನ್ನು ಕೂರುವ ಕೋಲಿನ ನೇರ ಕೆಳಗೆ ಇಡಬೇಡಿ. ಬೂಷ್ಟು ಹಿಡಿದ ಮೆತ್ತನೆಯ ಹಣ್ಣನ್ನು ಇಡಿಯಾಗಿ ಎಸೆಯಿರಿ, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ. ಬೆಣ್ಣೆಹಣ್ಣು (ಅವಕಾಡೊ) ಸಾವಯವವಾದರೂ, ಎಷ್ಟು ತೊಳೆದರೂ ಕೊಡುವಂತಿಲ್ಲ. ಅದರಲ್ಲಿರುವ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯಕ್ಕೇ ಪೆಟ್ಟು ಕೊಡುತ್ತದೆ.