ಕ್ಯಾಮೆರಾ ಬೇಡ, ಮಾಗಡಿ ಕೆರೆಗೆ ಹೋಗಿ

ಹುಬ್ಬಳ್ಳಿಯಲ್ಲಿದ್ದುಕೊಂಡು ಎಂಟು ವರ್ಷದ ಮಗಳಿಗೆ ಚಳಿಗಾಲದ ಹಕ್ಕಿಗಳನ್ನು ಪರಿಚಯಿಸಬೇಕು, ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಅಷ್ಟು ಹಣವಿದ್ದರೆ 8x42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಕೊಳ್ಳಿ, ಉಳಿದದ್ದು ಬಸ್ಸಿಗಿರಲಿ.

ಡಿಸೆಂಬರ್ ಅಥವಾ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯ್ದು, ಹಗಲು ನೀರಿಗೆ ಮರಳುತ್ತವೆ. ಬೆಳಿಗ್ಗೆ ದಡದಲ್ಲಿ ಸುಮ್ಮನೆ ಕುಳಿತರೆ ಮೊದಲು ಗಂಟಲು ಕಟ್ಟಿದಂಥ 'ಆಂಗ್ ಆಂಗ್' ಸದ್ದು, ಆಮೇಲೆ ಸಾಲು. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳನ್ನು ಮಗಳೇ ಹುಡುಕಲಿ, ನೀವು ತೋರಿಸಬೇಡಿ. ಗಾಢ ಬಣ್ಣದ ಅಂಗಿ ಬೇಡ, ನೀರಿನ ಹತ್ತಿರಕ್ಕೂ ಹೋಗಬೇಡಿ. ಒಂದು ಹಾರಿದರೆ ಇಡೀ ಹಿಂಡು ಎದ್ದುಬಿಡುತ್ತದೆ.

ಅದಕ್ಕೂ ಮುಂಚೆ ನಿಮ್ಮ ಅಂಗಳವನ್ನೇ ಗಮನಿಸಿ. ಚರಂಡಿಯ ಪಕ್ಕ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಾ ಓಡಾಡುವ, ಹೊಟ್ಟೆಯಡಿ ಹಳದಿಯಿರುವ ಸಣ್ಣ ಹಕ್ಕಿ ಬೂದು ಸಿಪಿಲೆ. ಅದೂ ಚಳಿಗಾಲದ ಅತಿಥಿಯೇ. ನನ್ನ ಮಗ ಅದಕ್ಕೆ ಇಟ್ಟ ಹೆಸರು 'ಹೌದಪ್ಪ'.