ಆರು ವಾರದ ಮಗುವಿನ ಕತ್ತು ಒಂದೇ ಕಡೆಗೆ ವಾಲುತ್ತಿದ್ದರೆ ಕಾದು ನೋಡಬಹುದೇ?

ಆರು ವಾರದ ನಿಮ್ಮ ಮಗು ತಲೆಯನ್ನು ಸದಾ ಬಲಕ್ಕೆ ವಾಲಿಸಿ ಎಡಕ್ಕೇ ನೋಡುತ್ತದೆ, ಕತ್ತಿನ ಬಲಭಾಗದಲ್ಲಿ ಗಂಟೊಂದು ಕೈಗೆ ಸಿಗುತ್ತದೆ, ಮನೆಯ ಹಿರಿಯರು ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿ ನಾನು ಹೇಳುವುದು ಇಷ್ಟು: ಗಾಬರಿ ಬೇಡ, ಆದರೆ ಕಾಯಲೂ ಬೇಡಿ, ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ.

ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಓರೆಯಾಗಿ ಇಳಿಯುವ ಸ್ನಾಯು ಬಿಗಿದುಕೊಂಡಾಗ ತಲೆ ಅದೇ ಕಡೆಗೆ ಬಾಗಿ, ಗದ್ದ ಎದುರು ಕಡೆಗೆ ತಿರುಗುತ್ತದೆ. ವೈದ್ಯರು ಇದನ್ನು ಟಾರ್ಟಿಕಾಲಿಸ್ ಎನ್ನುತ್ತಾರೆ. ಗರ್ಭದಲ್ಲಿ ಕಾಲು ಕೆಳಗಾಗಿದ್ದ ಮಕ್ಕಳಲ್ಲಿ, ಹೆರಿಗೆ ಕಷ್ಟವಾದ ಮಕ್ಕಳಲ್ಲಿ ಇದು ಹೆಚ್ಚು. ತಾಯಿಯ ಆರೈಕೆಯಲ್ಲಿ ಕೊರತೆಯಾಗಿ ಬಂದದ್ದಲ್ಲ. ಸ್ನಾಯುವಿನೊಳಗೇ ಇರುವ ಇಂಥ ಗಂಟು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕರಗುತ್ತದೆ. ಆದರೆ ಗಂಟು ಕರಗಿದ ಮಾತ್ರಕ್ಕೆ ಬಿಗಿತವೂ ಹೋಯಿತೆಂದು ತಿಳಿಯಬಾರದು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಂತುಹೋಗುವುದು ಇಲ್ಲಿಯೇ.

ಮೊದಲ ತಿಂಗಳೊಳಗೆ ವ್ಯಾಯಾಮ ಆರಂಭವಾದರೆ ಬಹುಪಾಲು ಮಕ್ಕಳ ಕತ್ತು ಸುಮಾರು ಒಂದೂವರೆ ತಿಂಗಳಲ್ಲಿ ಸಲೀಸಾಗಿ ತಿರುಗತೊಡಗುತ್ತದೆ. ಆರು ತಿಂಗಳ ನಂತರ ಆರಂಭಿಸಿದರೆ ಒಂಬತ್ತು-ಹತ್ತು ತಿಂಗಳು ಹಿಡಿಯಬಹುದು. ಬಲಭುಜವನ್ನು ಮೆಲ್ಲಗೆ ಒತ್ತಿ ಹಿಡಿದು ಎಡಕಿವಿಯನ್ನು ಎಡಭುಜದತ್ತ ತರುವುದು, ಗದ್ದವನ್ನು ಬಲಕ್ಕೆ ತಿರುಗಿಸುವುದು, ಇವೆರಡೇ ಮುಖ್ಯ ಚಲನೆಗಳು. ಇವನ್ನು ವಿಡಿಯೋ ನೋಡಿ ಮಾಡದೆ ಫಿಸಿಯೋಥೆರಪಿಸ್ಟ್ ಎದುರಿಗೇ ಕಲಿಯಿರಿ. ಮಗು ಬಿಗಿಹಿಡಿದು ಅತ್ತರೆ ಕೂಡಲೇ ಬಿಡಬೇಕು. ಹಿರಿಯರು ಕೈಕಾಲಿಗೆ ಎಣ್ಣೆ ನೀವುವುದಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಗಂಟನ್ನು ಒತ್ತಿ ತಿಕ್ಕುವುದು, ಕತ್ತನ್ನು ಹಿಡಿದು ಎಳೆಯುವುದು ಖಂಡಿತ ಕೂಡದು.

ವ್ಯಾಯಾಮದಷ್ಟೇ ಫಲ ಕೊಡುವುದು ದಿನವಿಡೀ ಮಗುವನ್ನು ಎತ್ತಿ ಆಡಿಸುವ ರೀತಿ. ನೀವು ಮಾತನಾಡಿಸುವುದು, ಗಿಲಕಿ ಆಡಿಸುವುದು ಎಲ್ಲವೂ ಮಗುವಿನ ಬಲಗಡೆಯಿಂದ ಆಗಲಿ. ಎಚ್ಚರವಿದ್ದಾಗ ನಿಮ್ಮ ಕಣ್ಣೆದುರಿನಲ್ಲೇ ಆಗಾಗ ಬೋರಲು ಮಲಗಿಸಿ. ನಿದ್ದೆ ಮಾತ್ರ ಅಂಗಾತವೇ ಇರಲಿ. ತಲೆಯ ಆಕಾರಕ್ಕೆಂದು ಇಡುವ ಸಾಸಿವೆ ದಿಂಬು ಬೇಡ. ಸ್ನಾನದ ನಂತರ ಬಲಗಡೆಯ ಕತ್ತಿನ ಮಡಿಕೆಯನ್ನು ಬಿಡಿಸಿ ನೋಡಿ: ಹಾಲು, ಎಣ್ಣೆ, ಬೆವರು ಅಲ್ಲಿ ನಿಂತು ಚರ್ಮ ಕೆಂಪಾಗಿರುತ್ತದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು.

ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವೇ ಮಕ್ಕಳಿಗೆ, ಅದೂ ಸಾಮಾನ್ಯವಾಗಿ ವರ್ಷ ತುಂಬಿದ ಮೇಲೆ.

ವೈದ್ಯರಲ್ಲಿ ಸೊಂಟದ ಕೀಲನ್ನೂ ಪರೀಕ್ಷಿಸಲು ಕೇಳಿ, ಏಕೆಂದರೆ ಇಂಥ ಕೆಲವು ಮಕ್ಕಳಲ್ಲಿ ಆ ಕೀಲು ಸರಿಯಾಗಿ ಕೂತಿರುವುದಿಲ್ಲ. ಸ್ನಾಯು ಬಿಗಿದಿಲ್ಲದೆಯೂ ತಲೆ ವಾಲುತ್ತಿದ್ದರೆ ಕಣ್ಣಿನ ಅಥವಾ ಕತ್ತಿನ ಮೂಳೆಯ ತೊಂದರೆ ಇರಬಹುದು. ಆಗ ಆ ಪರೀಕ್ಷೆಗಳು ಮುಗಿಯುವ ಮುನ್ನ ಯಾವ ವ್ಯಾಯಾಮವನ್ನೂ ಆರಂಭಿಸಬೇಡಿ.